ಕಾಂಜೂರ್‌ಮಾರ್ಗ್ ದಾಟುವಷ್ಟರಲ್ಲಿ

ಮಗಳೇ, ಮೊನ್ನೆ ಆದಿತ್ಯವಾರ ನಿನ್ನನ್ನು ನೋಡಲಿಕ್ಕೆ ಬಂದವರು ಐದು ಗಂಟೆಗೆ ಹೊರಟುಹೋದರು. ಏಳೂವರೆಗೆ ನಿನ್ನ ಅಪ್ಪನ ಫೋನಿಗೆ ವಾಟ್ಸ್‌ಆ್ಯಪ್ ಬಂತು. ‘ಮಗನಿಗೆ ಸದ್ಯಕ್ಕೆ ಮದುವೆಯ ವಿಚಾರ ಇಲ್ಲ, ಬೇಸರ ಮಾಡಿಕೊಳ್ಳಬೇಡಿ.’ ಕೊನೆಗೊಂದು ಕೈಮುಗಿದ ಚಿತ್ರ. ಸದ್ಯಕ್ಕೆ ಮದುವೆಯ ವಿಚಾರವೇ ಇಲ್ಲದವ ಅಪ್ಪ, ಅಮ್ಮ, ಅಕ್ಕ, ಭಾವ ಎಲ್ಲರನ್ನೂ ಕರೆದುಕೊಂಡು ಮುಲುಂಡ್‌ನಿಂದ ಡೊಂಬಿವಲಿ ತನಕ ಟ್ಯಾಕ್ಸಿ ಮಾಡಿಕೊಂಡು ಬಂದದ್ದು ಯಾಕೆ ಅಂತ ನಮ್ಮಲ್ಲಿ ಯಾರೂ ಕೇಳಲಿಲ್ಲ. ನಿನ್ನ ಅಪ್ಪ ಫೋನು ಮಗುಚಿ ಟೇಬಲಿನ ಮೇಲಿಟ್ಟರು. ನಿನ್ನ ಅಮ್ಮ ದೇವರ ಕೋಣೆಗೆ ಹೋದಳು. ನೀನು ಅಡಿಗೆಮನೆಯಲ್ಲಿ ಶೀರಾದ ಬಾಣಲೆ ತಿಕ್ಕುತ್ತಾ ಇದ್ದೆ. ತಳ ಹಿಡಿದಿತ್ತು. ನಲ್ಲಿ ಬಿಟ್ಟುಕೊಂಡು, ನನ್ನ ಕಡೆ ತಿರುಗದೆ ಕೇಳಿದೆ: ‘ದೊಡ್ಡಮ್ಮ, ನನ್ನಲ್ಲಿ ಎಂತ ಕಮ್ಮಿ ಉಂಟು?’

‘ಎಂತದೂ ಇಲ್ಲ ಮಾರಾಯ್ತಿ, ಋಣ ಇಲ್ಲ, ಅಷ್ಟೆ’ ಅಂದುಬಿಟ್ಟೆ. ಎಲ್ಲರೂ ಹೇಳುವ ಮಾತು ಅದು. ವಾಪಸು ಘಾಟ್ಕೋಪರಿಗೆ ಬರುವಾಗ ಗಾಡಿಯಲ್ಲಿ ಕೂತು ಯೋಚಿಸಿದೆ, ನನ್ನ ಮೇಲೆ ನನಗೇ ನಾಚಿಕೆಯಾಯಿತು. ಮೂವತ್ತೊಂದು ವರ್ಷ ಕನ್ನಡ ಶಾಲೆಯ ಮಕ್ಕಳಿಗೆ ಪ್ರಶ್ನೆಗೆ ಸರಿಯಾಗಿ ಉತ್ತರ ಬರೆಯಿರಿ ಎಂದು ಹೇಳಿಕೊಟ್ಟವಳು ನಾನು. ನೀನು ಕೇಳಿದ ಒಂದು ಪ್ರಶ್ನೆಗೆ ಹಾರಿಕೆಯ ಉತ್ತರ ಕೊಟ್ಟು ಬಂದೆ. ಅದಕ್ಕೇ ಈ ಕಾಗದ. ಓದಿ ನಿನ್ನ ಗೆಳತಿಯರಿಗೂ ಕೊಡು. ನಿಮ್ಮ ಲೇಡೀಸ್ ಡಬ್ಬಿಯಲ್ಲಿ ಇದೇ ಕತೆಯವರು ಇನ್ನೂ ನಾಲ್ಕು ಜನ ಇದ್ದಾರೆ ಎಂದು ನೀನೇ ಹೇಳಿದ್ದೆಯಲ್ಲ.

ಉತ್ತರಕ್ಕೆ ಮೊದಲು ನನ್ನದೇ ಒಂದು ತಪ್ಪು ಹೇಳಬೇಕು. ನಿನ್ನ ಅಮ್ಮನಿಗೂ ಗೊತ್ತಿಲ್ಲದ್ದು.

1984ರ ಚಳಿಗಾಲ. ನನ್ನ ಮದುವೆಯಾಗಿ ಎರಡು ವರ್ಷವಾಗಿತ್ತು. ಘಾಟ್ಕೋಪರಿನ ಚಾಳಿನಲ್ಲಿ ನಮ್ಮದು ಹತ್ತಕ್ಕೆ ಹದಿನೈದು ಅಡಿಯ ಒಂದು ಖೋಲಿ. ಅದರಲ್ಲಿ ಅತ್ತೆ, ಮಾವ, ಇಬ್ಬರು ಮೈದುನರು, ನಾದಿನಿ, ನಾವಿಬ್ಬರು. ರಾತ್ರಿ ಹಾಸಿಗೆ ಹಾಸಿದರೆ ಬಾಗಿಲು ಪೂರಾ ತೆರೆಯಲಿಕ್ಕೆ ಬರುತ್ತಿರಲಿಲ್ಲ. ದೊಡ್ಡ ಮೈದುನನಿಗೆ ಬ್ಯಾಂಕಿನಲ್ಲಿ ಕೆಲಸ ಸಿಕ್ಕಿತು, ಹೆಣ್ಣು ನೋಡಲಿಕ್ಕೆ ಮುಲುಂಡಿಗೆ ಹೋದೆವು. ಜಾತಕ ಮೊದಲೇ ತೋರಿಸಿ ಆಗಿತ್ತು. 36 ಗುಣಗಳಲ್ಲಿ 18 ಬಂದರೆ ಸಾಕು ಅನ್ನುತ್ತಾರಲ್ಲ, ಇವರದು 24 ಬಂದಿತ್ತು. ಸಾಲಾವಳಿ ಚೆನ್ನಾಗಿದೆ ಎಂದು ಭಟ್ಟರು ಖುಷಿಯಲ್ಲೇ ಬರೆದುಕೊಟ್ಟಿದ್ದರು.

ಹುಡುಗಿ ನನಗೆ ನೋಡಿದ ಕೂಡಲೇ ಇಷ್ಟವಾದಳು. ಬಲಗೈ ಹೆಬ್ಬೆರಳಿಗೆ ಅರಸಿನ ಹಚ್ಚಿದ ಬಟ್ಟೆ ಸುತ್ತಿಕೊಂಡಿದ್ದಳು. ಕಾಫಿ ಕೊಡುವಾಗ ನಮ್ಮ ಅತ್ತೆ, ‘ಮೆಟ್ಟುಕತ್ತಿ ತಾಗಿತಾ?’ ಎಂದು ಕೇಳಿದರು. ‘ಇಲ್ಲ, ಟ್ಯೂಶನ್ ಮಕ್ಕಳ ಪೆನ್ಸಿಲ್ ಹೆರೆಯುವಾಗ ಬ್ಲೇಡು ತಾಗಿದ್ದು’ ಎಂದು ನಕ್ಕಳು. ತಡೆಯಲಿಕ್ಕಾಗದೆ ಬಂದ ನಗು. ಹೆಣ್ಣು ನೋಡುವ ದಿನ ಹಾಗೆ ನಗಬಾರದು ಎಂದು ಅವಳಿಗೆ ಯಾರೋ ಹೇಳಿಕೊಟ್ಟಿರಬೇಕು, ಮರುಕ್ಷಣವೇ ಬಾಯಿ ಮುಚ್ಚಿಕೊಂಡಳು. ಮೈದುನನೂ ನಕ್ಕ. ಅವನಿಗೂ ಒಪ್ಪಿಗೆಯಾಗಿತ್ತು, ನನಗೆ ಗೊತ್ತು.

ವಾಪಸಿಗೆ ಸ್ಲೋ ಗಾಡಿ ಹತ್ತಿದೆವು. ಮುಲುಂಡ್ ಬಿಡುವಾಗ ಮಾವ ಅಂದರು: ‘ಮನುಷ್ಯ ಒಳ್ಳೆಯವ. ಆದರೆ ಕೆಳಗೆ ಇನ್ನೂ ಇಬ್ಬರು ಹೆಣ್ಣುಮಕ್ಕಳು.’ ಭಾಂಡೂಪ್ ಬಂತು. ‘ಹಾಗಾದರೆ ನಾವು ಕೊಳ್ಳಬೇಕೆಂದಿರುವ ಡೊಂಬಿವಲಿ ಬ್ಲಾಕಿನ ಮುಂಗಡಕ್ಕೆ ಅವರ ಕಡೆಯಿಂದ ಎಂತದೂ ಆಗಲಿಕ್ಕಿಲ್ಲ’ ಅಂದರು ಅತ್ತೆ. ಮೈದುನ ಕಿಟಕಿಯ ಹೊರಗೆ ನೋಡುತ್ತಿದ್ದ. ಕಾಂಜೂರ್‌ಮಾರ್ಗ್ ದಾಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಹುಡುಗಿಯ ಬಣ್ಣ, ಎತ್ತರ, ನಗು, ಅವಳು ಮಾಡಿದ ಶೀರಾ, ಯಾವುದರ ಬಗ್ಗೆಯೂ ಒಂದು ಮಾತು ಬರಲಿಲ್ಲ. ಅವಳ ಹೆಸರನ್ನೂ ಯಾರೂ ಎತ್ತಲಿಲ್ಲ. ವಿಕ್ರೋಲಿಯಲ್ಲಿ ಎದ್ದ ಪ್ರಶ್ನೆ ಒಂದೇ: ಕಾರಣ ಎಂತ ಹೇಳುವುದು? ಬ್ಲಾಕಿನ ದುಡ್ಡಿಗಾಗಿ ಬೇಡವೆಂದೆವು ಅಂತ ಹೇಳಲಿಕ್ಕಾಗುತ್ತದಾ? ‘ಊರಿನ ಇನ್ನೊಬ್ಬ ಜೋಯಿಸರಿಗೆ ತೋರಿಸಿದೆವು, ಸರ್ಪದೋಷ ಕಂಡಿತು ಅಂತ ಬರೆದರಾಯಿತು’ ಅಂದರು ಮಾವ. ‘ಅದಕ್ಕೆ ಯಾರೂ ಎದುರು ಹೇಳುವುದಿಲ್ಲ.’

ಆ ಇನ್‌ಲ್ಯಾಂಡ್ ಲೆಟರ್ ಬರೆದವಳು ನಾನು. ಮನೆಯಲ್ಲಿ ನನ್ನದೇ ಚೆಂದದ ಅಕ್ಷರ.

ಅದಾಗಿ ಇಪ್ಪತ್ತು ವರ್ಷದ ಮೇಲೆ ಮಾಟುಂಗಾದ ಮೈಸೂರು ಅಸೋಸಿಯೇಶನ್ನಿನಲ್ಲಿ ಒಂದು ನಾಟಕಕ್ಕೆ ಹೋಗಿದ್ದೆ. ವಿರಾಮದಲ್ಲಿ ಯಾರೋ ನಕ್ಕದ್ದು ಕೇಳಿ ತಿರುಗಿ ನೋಡಿದರೆ ಅವಳೇ. ಅವಳಿಗೆ ನನ್ನ ಗುರುತು ಹತ್ತಲಿಲ್ಲ. ಚಹಾ ಕುಡಿಯುತ್ತಾ ಪರಿಚಯವಾಯಿತು, ಅಲ್ಲಿಂದ ಸ್ನೇಹವೂ ಆಯಿತು. ಮುಂದೊಂದು ನಾಟಕದ ವಿರಾಮದಲ್ಲಿ ಹೆಣ್ಣು ನೋಡುವ ಕತೆಗಳು ಬಂದಾಗ ಅವಳೇ ಹೇಳಿದಳು. ಮುಂಬಯಿಯ ಯಾವುದೋ ಮನೆಯವರು ಸರ್ಪದೋಷ ಎಂದು ಬರೆದದ್ದು, ಅವಳ ಅಪ್ಪ ಪಿ.ಎಫ್. ಸಾಲ ತೆಗೆದು ಅವಳನ್ನು ಕುಕ್ಕೆ ಸುಬ್ರಹ್ಮಣ್ಯಕ್ಕೆ ಕರೆದುಕೊಂಡು ಹೋದದ್ದು, ಎರಡು ದಿನದ ಸರ್ಪಸಂಸ್ಕಾರ ಮಾಡಿಸಿದ್ದು. ಕೊಂಕಣ ರೈಲು ಇನ್ನೂ ಇಲ್ಲದ ಕಾಲ, ಹೋಗಿಬರುವುದೆಲ್ಲ ಬಸ್ಸಿನಲ್ಲೇ. ‘ಆಮೇಲೆ ಬಂದವರಿಗೆಲ್ಲ ನಾನೇ ಮೊದಲೇ ಹೇಳಿಬಿಡುತ್ತಿದ್ದೆ, ನನಗೆ ಸರ್ಪದೋಷ ಉಂಟು ಅಂತ. ಮೂವರು ಕಾಫಿ ಅರ್ಧಕ್ಕೇ ಬಿಟ್ಟು ಎದ್ದರು. ಒಬ್ಬರು ಮಾತ್ರ, ನನಗೆ ಹಾವು ಕಂಡರೆ ಹೆದರಿಕೆ ಇಲ್ಲ ಅಂದರು. ಅವರನ್ನೇ ಮದುವೆಯಾದೆ’ ಎಂದು ನಕ್ಕಳು. ಸ್ವಲ್ಪ ಹೊತ್ತು ಬಿಟ್ಟು ಅಂದಳು: ‘ಆದರೆ ಮೂರು ವರ್ಷ, ಕನ್ನಡಿ ನೋಡಿದಾಗೆಲ್ಲ, ನನ್ನೊಳಗೆ ಎಂತದೋ ವಿಷ ಇದೆ ಅನಿಸುತ್ತಿತ್ತು.’

ಬೆಲ್ ಆಯಿತು. ಒಳಗೆ ಹೋಗಿ ಕೂತೆವು. ಉಳಿದ ನಾಟಕ ನನ್ನ ತಲೆಗೆ ಹೋಗಲಿಲ್ಲ.

ಈಗ ನಿನ್ನ ಪ್ರಶ್ನೆಗೆ ಬರುತ್ತೇನೆ. ನಿನ್ನಲ್ಲಿ ಎಂತ ಕಮ್ಮಿ ಎಂಬುದು ಆ ಟ್ಯಾಕ್ಸಿಯಲ್ಲಿ ಚರ್ಚೆಗೇ ಬಂದಿರಲಿಕ್ಕಿಲ್ಲ. ಅವರ ಮನೆ ಸಾಲ, ಅಕ್ಕನ ಹಟ, ಹುಡುಗನ ಆಫೀಸಿನಲ್ಲಿ ಯಾರೋ ಒಬ್ಬಳು, ನಿನ್ನ ಸಂಬಳ ಅವನದಕ್ಕಿಂತ ಹೆಚ್ಚಿರುವುದು, ಏನೂ ಇರಬಹುದು. ನಿನಗೆ ತಲುಪಿದ ಕಾರಣ ನಿಜವಾದ ಕಾರಣವಲ್ಲ, ಕೊಂಡೊಯ್ಯಲು ಹಗುರವಾದ ಕಾರಣ. ಅದನ್ನು ಹಿಡಿದು ಹುಡುಕುತ್ತಾ ಹೋಗಬೇಡ. ಗೊತ್ತಿಲ್ಲದ ಜಾಗವನ್ನು ಹೆಣ್ಣುಮಕ್ಕಳು ತಮ್ಮ ಮೂಗು, ಬಣ್ಣ, ಸೊಂಟದಿಂದ ತುಂಬಿಸಿಕೊಳ್ಳುತ್ತಾರೆ.

ಲೆಕ್ಕದ ಟೀಚರಲ್ಲವಾದರೂ ಒಂದು ಲೆಕ್ಕ ಹೇಳುತ್ತೇನೆ. ಹತ್ತು ಹುಡುಗರು, ಹತ್ತು ಹುಡುಗಿಯರು. ಪ್ರತಿಯೊಬ್ಬನೂ ಪ್ರತಿಯೊಬ್ಬಳನ್ನೂ ನೋಡಿದ ಎಂದಿಟ್ಟುಕೋ. ನೂರು ಭೇಟಿ, ನೂರು ತಟ್ಟೆ ಶೀರಾ. ಕೊನೆಗೆ ಹತ್ತು ಮದುವೆ ಆಗುತ್ತದೆ, ಒಬ್ಬರೂ ಉಳಿಯುವುದಿಲ್ಲ. ಆದರೂ ತೊಂಬತ್ತು ಸಲ ‘ಬೇಡ’ ಎಂಬ ಮಾತು ಬಂದೇ ಬರುತ್ತದೆ. ಅಂದರೆ ಎಲ್ಲರಿಗೂ ಒಳ್ಳೆಯ ಜೋಡಿ ಸಿಕ್ಕಿದ ಊರಿನಲ್ಲೂ ಒಬ್ಬೊಬ್ಬಳ ಪಾಲಿಗೆ ಒಂಬತ್ತು ಬೇಡಗಳು. ನಿನಗೆ ಈಗ ಏಳು ಆಗಿದೆ, ಅಷ್ಟೆ.

ಎಲ್ಲ ಸಲವೂ ಕಾರಣ ಬೇರೆಯೇ ಇರುತ್ತದೆ ಎಂದು ಸುಳ್ಳು ಸಮಾಧಾನವನ್ನೂ ಹೇಳುವುದಿಲ್ಲ. ಕೆಲವು ಮನೆಯವರಿಗೆ ನಿಜವಾಗಿಯೂ ಬಣ್ಣವೇ ಬೇಕು. ಫೇರ್ ಅಂಡ್ ಲವ್ಲಿ 1975ರಲ್ಲಿ ಬಂದದ್ದು, ನಾನು ಆಗ ಹೈಸ್ಕೂಲಿನಲ್ಲಿದ್ದೆ. 2020ರಲ್ಲಿ ಅದು ಹೆಸರು ಬದಲಿಸಿ ಗ್ಲೋ ಅಂಡ್ ಲವ್ಲಿ ಆಯಿತು. ಅದೇ ವರ್ಷ ಶಾದಿ ಡಾಟ್ ಕಾಮ್, ಅಮೆರಿಕದಲ್ಲಿರುವ ನಮ್ಮ ಕಡೆಯ ಹೆಣ್ಣುಮಕ್ಕಳು ಅರ್ಜಿ ಹಿಡಿದು ಕೇಳಿದ ಮೇಲೆ, ಮೈಬಣ್ಣ ನೋಡಿ ಆರಿಸುವ ಫಿಲ್ಟರ್ ತೆಗೆದುಹಾಕಿತು. ಎರಡೂ ಕಂಪೆನಿಯ ಮುಖ್ಯ ಕಚೇರಿ ನಮ್ಮ ಮುಂಬಯಿಯಲ್ಲೇ. ವೆಬ್‌ಸೈಟಿನಿಂದ ಫಿಲ್ಟರ್ ಹೋಯಿತು, ನಮ್ಮ ಅತ್ತೆಯಂದಿರ ಕಣ್ಣಿನಿಂದ ಹೋಗಲಿಕ್ಕೆ ಇನ್ನೂ ಕಾಲ ಬೇಕು. ಬಣ್ಣಕ್ಕಾಗಿ ಬೇಡ ಅಂದವರ ಮನೆಗೆ ನೀನು ಹೋಗಿದ್ದರೆ ನಾಳೆ ನಿನ್ನ ಮಗುವಿನ ತೊಟ್ಟಿಲಿಗೂ ಅದೇ ಕಣ್ಣು ಬೀಳುತ್ತಿತ್ತು. ಅವರು ಎದ್ದು ಹೋದದ್ದಕ್ಕೆ ನಾನಾದರೆ ಒಂದು ತೆಂಗಿನಕಾಯಿ ಒಡೆಯುತ್ತಿದ್ದೆ.

ಆದರೆ ಹೊರಗಿನವರ ವಿಷಯ ಇಷ್ಟೇ. ಅವರು ಬಂದು ಕೂತದ್ದು ಒಂದೇ ಒಂದು ಗಂಟೆ. ನನಗೆ ಹೆಚ್ಚು ಹೇಳಬೇಕಾದದ್ದು ನಮ್ಮದೇ ಮನೆಯ ವಿಷಯ. ಒಂದೊಂದು ಬೇಡ ಬಂದಾಗಲೂ ನಾವು ಮನೆಯವರು ನಿನ್ನನ್ನು ಸ್ವಲ್ಪ ಸ್ವಲ್ಪ ಕತ್ತರಿಸುತ್ತಾ ಬಂದಿದ್ದೇವೆ. ನಿನ್ನ ಮೊದಲ ಬಯೋಡೇಟಾ ನನ್ನ ಹತ್ತಿರ ಇದೆ, ಈಗಿನದೂ ಇದೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದೆ. ಐದು ಅಡಿ ಒಂದು ಇಂಚು ಇದ್ದವಳು ಐದು ಅಡಿ ಎರಡು ಇಂಚು ಆಗಿದ್ದೀ. ಬಣ್ಣ ‘ಎಣ್ಣೆಗೆಂಪು’ ಇದ್ದದ್ದು ‘ಗೋಧಿ’ ಆಗಿದೆ. ‘ಟೀಮ್ ಲೀಡ್’ ಎಂಬುದು ಹೋಗಿ ಬರೀ ‘ಐಟಿ ಉದ್ಯೋಗ’ ಆಗಿದೆ, ಹುಡುಗನಿಗೆ ಇರುಸುಮುರುಸು ಆಗಬಾರದಲ್ಲ. ಹವ್ಯಾಸದ ಜಾಗದಲ್ಲಿ ಟ್ರೆಕ್ಕಿಂಗ್ ಹೋಗಿ ಅಡುಗೆ ಬಂದಿದೆ. ನೀನು ಕಳಸೂಬಾಯಿ ತುದಿಯಲ್ಲಿ, ಗಾಳಿಗೆ ಕೂದಲು ಕೆದರಿ ನಿಂತಿದ್ದ ಫೋಟೋ ತೆಗೆದು, ಸ್ಟುಡಿಯೋದಲ್ಲಿ ಸೀರೆ ಉಡಿಸಿ ತೆಗೆಸಿದ್ದು ಹಾಕಿದ್ದಾರೆ. ಅದರಲ್ಲಿ ನಿನ್ನ ಮುಖಕ್ಕೆ ಕಂಪ್ಯೂಟರಿನಲ್ಲಿ ಸುಣ್ಣ ಬಳಿದ ಹಾಗಿದೆ. ಮಹಾರಾಷ್ಟ್ರದ ಅತಿ ಎತ್ತರದ ಶಿಖರ, 1,646 ಮೀಟರ್, ಅದನ್ನು ಹತ್ತಿದ್ದನ್ನು ಮುಚ್ಚಿಡಬೇಕಾದ ಸಂಗತಿ ಎಂದು ತೀರ್ಮಾನ ಮಾಡಿದವರು ಮುಲುಂಡ್‌ನವರಲ್ಲ. ನಾವು. ಆ ದಿನ ಹೂಂ ಅಂದವರಲ್ಲಿ ನಾನೂ ಒಬ್ಬಳು.

ಆ ಬೆಟ್ಟದ ಹೆಸರಿನ ಕತೆ ನಿನಗೆ ಗೊತ್ತಿರಬೇಕು. ಕಳಸೂ ಎಂಬ ಕೋಲಿ ಸಮಾಜದ ಹುಡುಗಿ ಒಂದು ಮನೆಯಲ್ಲಿ ಕೆಲಸಕ್ಕೆ ನಿಂತಳಂತೆ. ಪಾತ್ರೆ ತೊಳೆಯಲಿಕ್ಕೆ, ಕಸ ಗುಡಿಸಲಿಕ್ಕೆ ಹೇಳಬಾರದು ಎಂಬುದು ಅವಳು ಹಾಕಿದ ಕರಾರು. ಒಂದು ದಿನ ಮನೆಯವರು ಮಾತು ಮುರಿದು ಅದನ್ನೇ ಹೇಳಿದರು. ಅವಳು ಹೇಳಿದ ಕೆಲಸ ಮುಗಿಸಿಕೊಟ್ಟು, ಬೆಟ್ಟ ಹತ್ತಿ ಹೋದವಳು ಕೆಳಗೆ ಇಳಿಯಲೇ ಇಲ್ಲ. ಈಗ ಅಲ್ಲಿ ಅವಳಿಗೆ ಗುಡಿ, ಪೂಜೆ. ಮೊನ್ನೆ ನೀನು ಆ ಬಾಣಲೆ ತಿಕ್ಕುವಾಗ ನನಗೆ ಅವಳ ನೆನಪಾಗಿತ್ತು.

ಬೆಳಿಗ್ಗೆ ಗಾಡಿಯಲ್ಲಿ ಫೋರ್ತ್ ಸೀಟಿಗೆ ‘ಥೋಡಾ ಸರ್ಕೋ’ ಎಂದು ಮೂವರನ್ನು ಒತ್ತರಿಸಿ ಕೂರುವವಳು ನೀನು. ಮೊನ್ನೆ ನಿನ್ನ ಮನೆಯ ಸೋಫಾದಲ್ಲೇ ಅಂಚಿಗೆ ಕೂತಿದ್ದೆ. ಅಲ್ಲಿ ನಿನಗೆ ಪೂರಾ ಸೀಟು ಇತ್ತು.

‘ಬೇಡ’ ಕೇಳಿಸಿಕೊಳ್ಳುವುದನ್ನು ನಿಮಗೆ ಕಲಿಸಿದೆವು, ಹೇಳುವುದನ್ನು ಕಲಿಸಲಿಲ್ಲ. ಈ ಊರಿನಲ್ಲಿ ಅದನ್ನು ಮೊದಲೇ ಹೇಳಿ ಹೋದವಳು ಒಬ್ಬಳಿದ್ದಾಳೆ, ಪಾಠದಲ್ಲಿ ಹೆಚ್ಚು ಬರುವುದಿಲ್ಲ. ಡಾ. ರುಖ್ಮಾಬಾಯಿ. ಹುಟ್ಟಿದ್ದು ಇಲ್ಲೇ ಬೊಂಬಾಯಿಯಲ್ಲಿ, 1864ರಲ್ಲಿ. ಹನ್ನೊಂದನೇ ವಯಸ್ಸಿಗೆ ಮದುವೆ ಮಾಡಿದರು. ದೊಡ್ಡವಳಾದ ಮೇಲೆ, ನನ್ನನ್ನು ಕೇಳದೆ ಮಾಡಿದ ಮದುವೆ, ಆ ಗಂಡನ ಮನೆಗೆ ನಾನು ಹೋಗುವುದಿಲ್ಲ ಅಂದಳು. ಗಂಡ 1884ರಲ್ಲಿ ಬಾಂಬೆ ಹೈಕೋರ್ಟಿಗೆ ಹೋದ. ಮೊದಲ ಜಡ್ಜು ಪಿನ್ಹೆ ಅವಳ ಪರ ತೀರ್ಪು ಕೊಟ್ಟರು, ಮೇಲ್ಮನವಿಯಲ್ಲಿ ಅದು ತಿರುಗಿಬಿತ್ತು. 1887ರಲ್ಲಿ, ಗಂಡನ ಮನೆಗೆ ಹೋಗು, ಇಲ್ಲವೆ ಆರು ತಿಂಗಳು ಜೈಲು ಎಂದು ಆದೇಶವಾಯಿತು. ಜೈಲಿಗೇ ಹೋಗುತ್ತೇನೆ ಅಂದಳು. ಪತ್ರಿಕೆಗಳು, ದೊಡ್ಡ ದೊಡ್ಡ ಮುಖಂಡರು ಬಾಯಿಗೆ ಬಂದಂತೆ ಆಡಿದರು. 1888ರಲ್ಲಿ ಎರಡು ಸಾವಿರ ರೂಪಾಯಿ ತೆಗೆದುಕೊಂಡು ಗಂಡ ಹಕ್ಕು ಬಿಟ್ಟ. ಮರುವರ್ಷ ಅವಳು ಲಂಡನ್ನಿಗೆ ಹೋಗಿ ಡಾಕ್ಟರಿಕೆ ಓದಿದಳು, ವಾಪಸು ಬಂದು ಸೂರತ್, ರಾಜಕೋಟದ ಹೆಂಗಸರ ಆಸ್ಪತ್ರೆಗಳಲ್ಲಿ ವರ್ಷಾನುಗಟ್ಟಲೆ ದುಡಿದಳು, 1955ರ ತನಕ ಬದುಕಿದಳು. ನೀನು ಕೋರ್ಟು ಕಚೇರಿ ಹತ್ತಬೇಕಾಗಿಲ್ಲ. ಎದುರು ಕೂತವ ನಿನಗೆ ಆಗುತ್ತಾನೋ ಇಲ್ಲವೋ ಎಂದು ಆ ಒಂದು ಗಂಟೆ ನೀನೂ ನೋಡಿದರೆ ಸಾಕು. ಈ ಏಳು ಜನರಲ್ಲಿ ನಿನಗೆ ಯಾರಾದರೂ ಇಷ್ಟವಾಗಿದ್ದರಾ? ಈ ಪ್ರಶ್ನೆ ನಿನಗೆ ನಾವು ಯಾರೂ ಕೇಳಿಲ್ಲ, ನೀನೂ ಕೇಳಿಕೊಂಡ ಹಾಗೆ ಕಾಣುವುದಿಲ್ಲ.

ಇನ್ನು ಮುಂದಿನದಕ್ಕೆ. ಮೊದಲ ಭೇಟಿ ಮನೆಯಲ್ಲಿ ಬೇಡ. ಮರಾಠಿಯವರು ಹೆಣ್ಣು ನೋಡುವ ಶಾಸ್ತ್ರಕ್ಕೇ ‘ಕಾಂದೇ ಪೋಹೆ’ ಅನ್ನುತ್ತಾರೆ, ನಮ್ಮದು ಶೀರಾ. ತಿಂಡಿ ಬೇರೆ, ತಟ್ಟೆ ಹಿಡಿದು ಬರುವವಳು ಎರಡೂ ಕಡೆ ಹುಡುಗಿಯೇ. ನೀವಿಬ್ಬರೇ ಆದಿತ್ಯವಾರ ಬೆಳಿಗ್ಗೆ ಮಾಟುಂಗಾದ ಕೆಫೆ ಮದ್ರಾಸಿಗೆ ಹೋಗಿ. ಹೊರಗೆ ಹೆಸರು ಬರೆಸಿ, ಬಿಸಿಲಲ್ಲಿ ಕಾದು ನಿಲ್ಲಬೇಕಾಗುತ್ತದೆ. ಹಸಿದ ಗಂಡಸು ಅಷ್ಟು ಹೊತ್ತು ಹೇಗಿರುತ್ತಾನೆ, ಸಾಲಿನಲ್ಲಿ ಮುಂದೆ ನುಗ್ಗುತ್ತಾನಾ, ವೇಟರನ ಹತ್ತಿರ ಹೇಗೆ ಮಾತಾಡುತ್ತಾನೆ, ಇದು ಯಾವ ಜಾತಕದಲ್ಲೂ ಸಿಗುವುದಿಲ್ಲ. ಬಿಲ್ಲು ಅರ್ಧ ಅರ್ಧ. ಅವನಿಗೆ ನೀನು ಬೇಡವಾದರೂ ನಿನಗೆ ರವಾ ದೋಸೆಯಾದರೂ ಆಯಿತು.

ಭೇಟಿಯಾಗುವ ತನಕ ಯಾರಿಗೂ ಹೇಳಬೇಡ ಎಂದು ನಿನ್ನ ಅಮ್ಮನಿಗೆ ನಾನು ಹೇಳುತ್ತೇನೆ. ಬಿಲ್ಡಿಂಗಿನ ಎಲ್ಲರಿಗೂ ಮೊದಲೇ ಗೊತ್ತಾದರೆ, ಆಮೇಲೆ ಲಿಫ್ಟಿನಲ್ಲಿ ಸಿಕ್ಕವರಿಗೆಲ್ಲ ಉತ್ತರ ಕೊಡುವ ಕೆಲಸ ನಿನ್ನದಾಗುತ್ತದೆ. ದುಡ್ಡಿನ ಮಾತು, ಬ್ಲಾಕಿನ ಮಾತು, ‘ನಿಮ್ಮ ಮಗಳಿಗೆ ನೀವು ಕೊಡುವುದು’ ಎಂಬ ಮಾತು ಎದ್ದರೆ ಬೇಡ ಅನ್ನಬೇಕಾದವಳು ನೀನು, ಅಲ್ಲೇ, ಅದೇ ಕ್ಷಣ. 1961ರ ವರದಕ್ಷಿಣೆ ಕಾನೂನಿನ ಪ್ರಕಾರ ತೆಗೆದುಕೊಳ್ಳುವುದು ಮಾತ್ರ ಅಪರಾಧವಲ್ಲ, ಕೊಡುವುದೂ ಅಪರಾಧ. ನಿನ್ನ ಅಪ್ಪನಿಗೂ ಇದನ್ನು ಓದಿ ಹೇಳು. ಮತ್ತೆ, ಒಂದು ಭೇಟಿ ಸರಿಹೋಗದಿದ್ದರೆ ಮುಂದಿನದಕ್ಕೆ ಒಂದೆರಡು ತಿಂಗಳಾದರೂ ಬಿಡಿ. ವಾರವಾರ ಹೆಣ್ಣು ತೋರಿಸಿದರೆ ಯಾರಿಗಾದರೂ ತಾನು ಸಾಮಾನು ಅನಿಸಿಬಿಡುತ್ತದೆ.

ಬೇಸರ ಎರಡು ದಿನ ಇರಲಿ, ಅಳು ಬಂದರೆ ಅಳು. ಆದರೆ ವಾರಗಟ್ಟಲೆ ನಿದ್ದೆ ಬಾರದೆ, ಊಟ ಸೇರದೆ, ಕೆಲಸಕ್ಕೆ ಹೋಗಲಿಕ್ಕೂ ಮನಸ್ಸಿಲ್ಲದೆ, ನಾನು ಇದ್ದೇನು ಪ್ರಯೋಜನ ಎಂಬ ಯೋಚನೆ ಬಂತೋ, ಅದನ್ನು ಋಣ, ದೋಷ ಎಂದು ತಳ್ಳಿಹಾಕಬೇಡ. 14416ಕ್ಕೆ ಫೋನು ಮಾಡು. ಟೆಲಿಮಾನಸ್, ಸರಕಾರದ್ದು, ಕನ್ನಡದಲ್ಲೂ ಮಾತಾಡುತ್ತಾರೆ. ನನಗೂ ಫೋನು ಮಾಡು, ಎಷ್ಟು ಹೊತ್ತಾದರೂ ಸರಿ. ಮುದುಕಿಯರಿಗೆ ರಾತ್ರಿ ನಿದ್ದೆ ಕಡಿಮೆ.

ಬಯೋಡೇಟಾದ ಕೆಲಸ ನಾನು ನೋಡಿಕೊಳ್ಳುತ್ತೇನೆ. ಐದು ಅಡಿ ಒಂದು ಇಂಚು, ಎಣ್ಣೆಗೆಂಪು, ಟೀಮ್ ಲೀಡ್, ಕಳಸೂಬಾಯಿ ಫೋಟೋ. ನಿನ್ನ ಅಮ್ಮ ಸಿಟ್ಟು ಮಾಡಿಕೊಂಡರೆ ಎರಡು ದಿನ. ನನ್ನ ತಂಗಿ, ನನಗೆ ಗೊತ್ತಿಲ್ಲವಾ.

ಇನ್ನೊಂದು. ಬರುವ ಶನಿವಾರ ಸಂಜೆ ಮಾಟುಂಗಾದಲ್ಲಿ ನಾಟಕ ಇದೆ, ನಿನಗೂ ಸೇರಿಸಿ ಟಿಕೇಟು ತೆಗೆದಿದ್ದೇನೆ. ಅವಳೂ ಬರುತ್ತಾಳೆ, ಸರ್ಪದೋಷದವಳು. ಇಷ್ಟು ವರ್ಷ ಅವಳ ಮನೆಯಲ್ಲಿ ಉಂಡಿದ್ದೇನೆ, ಅವಳ ಮಗಳ ಸೀಮಂತಕ್ಕೆ ಹೂವು ಕಟ್ಟಿದ್ದೇನೆ. ಆ ಇನ್‌ಲ್ಯಾಂಡ್ ಬರೆದವಳು ನಾನೇ ಎಂದು ಹೇಳಿಲ್ಲ. ಅವಳ ಜಾತಕದಲ್ಲಿ ಯಾವ ದೋಷವೂ ಇರಲಿಲ್ಲ, 24 ಗುಣ ಕೂಡಿತ್ತು ಎಂದು ಅವಳಿಗೆ ಹೇಳಬೇಕು. ಹೇಳಿದ ಮೇಲೆ ಅವಳು ನಗುತ್ತಾಳೋ ಎದ್ದು ಹೋಗುತ್ತಾಳೋ ನನಗೆ ಗೊತ್ತಿಲ್ಲ. ಡೊಂಬಿವಲಿಯಿಂದ ಐದು ಗಂಟೆಯ ಒಳಗೆ ಹೊರಡು. ವಿರಾಮದ ಹೊತ್ತಿಗೆ ನೀನು ನನ್ನ ಪಕ್ಕದಲ್ಲಿರಬೇಕು.